ಬರಿಗಾಲಿನವರು ಇಲ್ಲದ ಪಟ್ಟಣ

ಪಟ್ಟಣ ಕಟ್ಟಿದರು, ಪಟ್ಟಣದವರನ್ನು ಒಂದು ಮಾತು ವಿಚಾರಿಸಲಿಲ್ಲ. ತಪ್ಪು ನಡೆದದ್ದು ಅಲ್ಲಿ. ಅದನ್ನು ಯಂತ್ರದ ಮೇಲೆ ಹಾಕಬೇಡಿ, ಗ್ರಹಚಾರದ ಮೇಲೂ ಹಾಕಬೇಡಿ. ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ.

ಒಂದಾನೊಂದು ಊರಿನಲ್ಲಿ ದುಂಡರಾಯ ಅಂತ ಒಬ್ಬ ರಾಜ. ಅವನಿಗೆ ಬೂಟಿನ ಸದ್ದು ಅಂದರೆ ಪ್ರಾಣ. ಟಕ್ ಟಕ್ ಅಂದರೆ ಊಟ ಸೇರುತ್ತಿತ್ತು, ಟಕ್ ಟಕ್ ಅಂದರೆ ನಿದ್ದೆ ಬರುತ್ತಿತ್ತು. ಅವನಿಗೆ ತನ್ನ ಊರನ್ನು ಸ್ಮಾರ್ಟ್ ಸಿಟಿ ಮಾಡುವ ಆಸೆ ಹುಟ್ಟಿತು. ಅವನ ಮಂತ್ರಿ ರಸ್ತೆಗೆಲ್ಲ ಯಂತ್ರದ ಕಿವಿ ನೆಟ್ಟ. ಟಕ್ ಟಕ್ ಅಂದರೆ ಗಾಡಿಗಳು ನಿಲ್ಲುತ್ತವೆ, ಬಾಗಿಲು ತೆರೆಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ಮಂತ್ರಿ ಬೂಟು ಹಾಕಿಕೊಂಡು ನಡೆದು ನೋಡಿದ. ನೀರು ಬಂತು. ರಾಜ ಬೂಟು ಹಾಕಿಕೊಂಡು ನಡೆದು ನೋಡಿದ. ನೀರು ಬಂತು. ಇಬ್ಬರಿಗೆ ಬಂದರೆ ಎಲ್ಲರಿಗೂ ಬಂದ ಹಾಗೆ ಅಂತ ಬರೆದು ಮೊಹರು ಒತ್ತಿದರು.

ಅರಮನೆಯಲ್ಲಿ ಮೊದಲು ಒಂದು ವಿಚಾರಿಸುವ ಕಚೇರಿ ಇತ್ತು. ಸಮಾಜಶಾಸ್ತ್ರ ಓದಿದವರು ಅಲ್ಲಿಂದ ಹೊರಟು ಮನೆಮನೆಗೆ ಹೋಗುತ್ತಿದ್ದರು. ನಿಮಗೇನು ಕೆಲಸ, ಎಲ್ಲಿ ಎಡವುತ್ತೀರಿ, ಯಾರಿಗೆ ಹೆದರುತ್ತೀರಿ ಅಂತ ವಿಚಾರಿಸಿ ಬರೆದುಕೊಂಡು ಬರುತ್ತಿದ್ದರು. ಯಂತ್ರಕ್ಕೆ ಎಲ್ಲ ಗೊತ್ತು, ಇನ್ನು ಇವರ್ಯಾಕೆ ಅಂದ ಮಂತ್ರಿ. ಕಚೇರಿ ಮುಚ್ಚಿಸಿ, ಅದರ ತುಂಬ ಬೂಟ್ ಪಾಲಿಶ್ ಡಬ್ಬಿ ಪೇರಿಸಿದ. ಕೊನೆಗೆ ಹೊರಬಿದ್ದವಳು ಬೇಬಿಜಾನ್. ಕೆಲಸ ಹೋಯಿತು, ನೋಟ್‌ಬುಕ್ ಮಾತ್ರ ಬಿಡಲಿಲ್ಲ.

ಆ ಊರಿನ ರಸ್ತೆ ಗುಡಿಸುವವಳು ಸಣ್ಣೀರವ್ವ. ಬರಿಗಾಲು. ಮಗಳು ಕೆಂಚವ್ವ ಹೆತ್ತು ಎಂಟು ದಿನ. ಬಾಣಂತಿಗೂ ಕೂಸಿಗೂ ಹಂಡೆ ತುಂಬ ಬಿಸಿನೀರು ಬೇಕು. ಸಣ್ಣೀರವ್ವ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಳು.

"ನೀನು ಇಲ್ಲ," ಅಂದಿತು ನಲ್ಲಿ.

"ಇಲ್ಲದಿದ್ರೆ ಯಾರ ಹತ್ರ ಮಾತಾಡ್ತಿದ್ದೀಯಾ?"

"ಅದು ನನ್ನ ವಿಭಾಗಕ್ಕೆ ಬರಲ್ಲ."

ತಿಪ್ಪೆಯಲ್ಲಿ ಒಂದು ಒಂಟಿ ಬೂಟು ಸಿಕ್ಕಿತು. ಹಾಕಿಕೊಂಡು ಬಂದಳು. ಟಕ್, ಆಮೇಲೆ ಏನಿಲ್ಲ. ಟಕ್, ಆಮೇಲೆ ಏನಿಲ್ಲ. ಅರ್ಧ ಇದ್ದೀಯ ಅಂದಿತು ನಲ್ಲಿ. ಕೊಡದ ಮೇಲಿನ ಅರ್ಧ ಮಾತ್ರ ತುಂಬಿಸಿತು. ಕೆಳಗಿನ ಅರ್ಧ ಖಾಲಿ. ಮನೆಗೆ ತಂದು ಬಗ್ಗಿಸಿದರೆ ಬಾಣಂತಿಯ ತಲೆಗೆ ನೀರು ಬಿತ್ತು, ಕಾಲಿಗೆ ಬರೇ ಖಾಲಿ ಬಿತ್ತು. ಕೂಸಿಗೆ ಖಾಲಿಯೂ ಉಳಿಯಲಿಲ್ಲ.

ಅತ್ತ ಮಂತ್ರಿ ಜನಗಣತಿ ಮಾಡಿದ. ಎರಡು ಸಾವಿರ ಬೂಟು, ಆದ್ದರಿಂದ ಎರಡು ಸಾವಿರ ಪ್ರಜೆಗಳು. ಬೂಟುಗಳಿಗೆ ಮನೆ ಕೊಟ್ಟ. ಎಡಗಾಲಿನದು ಬಲಗಾಲಿನದರ ಜತೆ ಇರಲ್ಲ ಅಂತ ಜಗಳ ತೆಗೆಯಿತು, ಅದಕ್ಕೆ ಬೇರೆ ಮನೆ ಕೊಟ್ಟ. ಸಭೆ ಕರೆದು ಬೂಟುಗಳನ್ನು ಕುರ್ಚಿಯ ಮೇಲೆ ಕೂರಿಸಿ, ಪಟ್ಟಣದಲ್ಲಿ ಏನಾದರೂ ಕೊರತೆ ಇದೆಯೇ ಅಂದ. ಹೊಸ ಪಾಲಿಶ್ ಕೆಟ್ಟೀತು ಅಂತ ಬೂಟುಗಳು ಬಾಯಿ ಬಿಡಲಿಲ್ಲ. ಕೊರತೆ ಇಲ್ಲ ಅಂತ ಬರೆದುಕೊಂಡ.

ಬೇಬಿಜಾನ್ ಸಣ್ಣೀರವ್ವನ ಬಾಗಿಲಿಗೆ ಬಂದು, ಬೂಟು ಯಾಕೆ ಹಾಕಲ್ಲ ಅಂತ ವಿಚಾರಿಸಿದಳು.

"ಕೊಟ್ಟೋರ್ಯಾರವ್ವ? ಚರಂಡಿಗಿಳಿದ್ರೆ ಕಾಲು ವಾಪಸ್ ಬಂದ್ರೆ ಸಾಕಾಗೈತೆ."

ಬರೆದುಕೊಂಡಳು. ಪಕ್ಕದ ಮನೆಗೆ ಹೋದಳು. ಅದರ ಪಕ್ಕದ ಮನೆಗೆ ಹೋದಳು. ಹಾಗೆ ಇನ್ನೂರು ಮನೆ. ಬಟ್ಟೆ ಒಗೆಯುವವರು, ತಲೆಯ ಮೇಲೆ ಸೊಪ್ಪು ಹೊರುವವರು, ಕಾಲಿಲ್ಲದೆ ಚಕ್ರದ ಹಲಗೆಯ ಮೇಲೆ ಓಡಾಡುವ ಟೇಲರು. ಯಾರೂ ಟಕ್ ಅನ್ನುವುದಿಲ್ಲ, ಯಾರಿಗೂ ನೀರಿಲ್ಲ. ಒಬ್ಬೊಬ್ಬರೂ ತಮಗೊಬ್ಬರಿಗೇ ಹೀಗೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಬೇಬಿಜಾನ್ ಎಲ್ಲರನ್ನೂ ಒಂದೆಡೆ ಕೂರಿಸಿ ನೋಟ್‌ಬುಕ್ ಓದಿದಳು. ಆಗ ಗೊತ್ತಾಯಿತು, ಅರ್ಧ ಪಟ್ಟಣಕ್ಕೆ ಹೀಗೆ.

ಸಣ್ಣೀರವ್ವ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ನಾವು ಇಲ್ಲ ಅಂತ ಬರದವ್ರೆ. ಇಲ್ಲದೋರು ಕೆಲಸ ಮಾಡೋದು ಹೆಂಗೆ?"

ಮಾರನೆಯ ದಿನದಿಂದ ಅವರು ಇರಲಿಲ್ಲ. ಗುಡಿಸುವವರು ಇಲ್ಲ, ರಸ್ತೆ ಗುಡಿಸಲಿಲ್ಲ. ಚರಂಡಿ ತೆಗೆಯುವವರು ಇಲ್ಲ, ಚರಂಡಿ ಉಕ್ಕಿತು. ಮೂರನೆಯ ದಿನ ರಸ್ತೆಯ ತುಂಬ ಕೆಸರು. ಕೆಸರಿನಲ್ಲಿ ಬೂಟು ಟಕ್ ಅನ್ನಲಿಲ್ಲ. ಪಚ್ ಪಚ್ ಅಂದಿತು. ನಲ್ಲಿ ಸಾಹುಕಾರನಿಗೆ ನೀನು ಇಲ್ಲ ಅಂದಿತು. ಬಾಗಿಲು ಮಂತ್ರಿಗೆ ನೀನು ಇಲ್ಲ ಅಂದಿತು. ರಾಜ ಗಾಳಿ ಸೇವನೆಗೆ ಹೊರಗೆ ಬಂದ, ಪಚ್ ಅಂದ. ತಿರುಗಿ ಹೊರಟರೆ, ಇಲ್ಲದ ರಾಜನಿಗೆ ಅರಮನೆ ಯಾಕೆ ಅಂತ ಬಾಗಿಲು ಮುಚ್ಚಿಕೊಂಡಿತು.

ಈಗ ಪಟ್ಟಣದಲ್ಲಿ ಯಾರೂ ಇಲ್ಲ. ಎಲ್ಲರೂ ಬೀದಿಯಲ್ಲಿದ್ದರು.

ಇರುವವರ ಲೆಕ್ಕ ಬರೆದ ನೋಟ್‌ಬುಕ್ ಅಲ್ಲಿದೆ ಅಂತ ಕೇಳಿ ರಾಜ ಪಚ್ ಪಚ್ ಅನ್ನುತ್ತ ಸಣ್ಣೀರವ್ವನ ಮನೆಗೆ ಬಂದು, ನಾನು ಇದ್ದೀನಿ ಅಂತ ಒಂದು ಚೀಟಿ ಬರೆದುಕೊಡಿ ಅಂದ. ಬೇಬಿಜಾನ್ ಹೊಸ ಹಾಳೆ ತೆಗೆದಳು. ನಿನ್ನ ಬೀದಿ ಗುಡಿಸುವವರ ಹೆಸರೇನು ಅಂದಳು. ಗೊತ್ತಿಲ್ಲ ಅಂದ. ನಿನ್ನ ಬಟ್ಟೆ ಒಗೆಯುವವರ ಮನೆ ಎಲ್ಲಿ ಅಂದಳು. ಗೊತ್ತಿಲ್ಲ ಅಂದ.

"ಹಂಗಾದ್ರೆ ಕೂತ್ಕೊ. ಇನ್ನೂರು ಮನೆ ಓದ್ತೀನಿ."

ರಾಜ ಬೂಟು ಬಿಚ್ಚಿ ನೆಲದ ಮೇಲೆ ಕೂತ. ಮಂತ್ರಿಯೂ ಕೂತ. ಇನ್ನೂರು ಮನೆ ಮುಗಿದ ಮೇಲೆ ಸಣ್ಣೀರವ್ವ ಕರಾರು ಹೇಳಿದಳು. ಪಾಲಿಶ್ ಡಬ್ಬಿ ಹೊರಕ್ಕೆ, ಬೇಬಿಜಾನ್ ಕಚೇರಿಯೊಳಕ್ಕೆ. ರಸ್ತೆಯ ಕಿವಿ ಇವತ್ತೇ ಕೀಳಬೇಕು. ನಲ್ಲಿ ಕೈಯಲ್ಲಿ ತಿರುಗಿಸುವ ಹಾಗಿರಬೇಕು. ಗುಡಿಸುವವರಿಗೆ ಬೂಟು ಕೊಡಬೇಕು. ಯಂತ್ರ ತರುವುದಾದರೆ ತನ್ನಿ, ಆದರೆ ಅದನ್ನು ಮೊದಲು ನಡೆದು ನೋಡುವುದು ಬರಿಗಾಲು ಮತ್ತು ಚಕ್ರದ ಹಲಗೆ. ಇಷ್ಟಾದ ಮೇಲೆ ಪೊರಕೆ ಮುಟ್ಟುತ್ತೀವಿ.

ಬೇಬಿಜಾನ್ ಅದನ್ನು ಹಾಳೆಗಿಳಿಸಿದಳು, ರಾಜ ಹೆಬ್ಬೆರಳನ್ನು ಕೆಸರಿಗೆ ಅದ್ದಿ ಅದರ ಮೇಲೆ ಒತ್ತಿದ.

ಸಣ್ಣೀರವ್ವ ನಲ್ಲಿ ತಿರುಗಿಸಿದಳು. ಕೊಡದ ಕೆಳಗಿನ ಅರ್ಧ ತುಂಬಿತು, ಮೇಲಿನ ಅರ್ಧ ತುಂಬಿತು. ಹಂಡೆ ತುಂಬಿತು. ಬಾಣಂತಿಗೆ ತಲೆಯಿಂದ ಕಾಲಿನವರೆಗೂ ನೀರು ಬಿತ್ತು. ಆಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಕೂಸು ಚೀರಿತು. ಎಂಥ ಚೀರು ಅಂತೀರಿ, ಕಿವಿ ಕಿತ್ತ ರಸ್ತೆಗೂ ಕೇಳಿಸಿತು. ಇಡೀ ಬೀದಿ ಹೋ ಅಂತ ನಕ್ಕಿತು.

ಬೂಟುಗಳು ಈಗ ಬಾಗಿಲಾಚೆ, ಜನ ಬಾಗಿಲೊಳಗೆ, ಕತೆ ಹೊಸ್ತಿಲ ಮೇಲೆ. ನೀತಿ ಗೀತಿ ನನಗೆ ಗೊತ್ತಿಲ್ಲ. ನಾಳೆ ನಿಮ್ಮೂರಿಗೂ ಬಣ್ಣದ ನಕ್ಷೆ ಹಿಡಿದುಕೊಂಡು ಯಾರಾದರೂ ಬರುತ್ತಾರೆ. ಸಭೆಗೆ ಹೋಗಿ. ಮುಂದಿನ ಸಾಲಿನಲ್ಲಿ ಎದ್ದು ನಿಲ್ಲಿ. ಯಾರ ಯಾರ ಮನೆಗೆ ಹೋಗಿ ವಿಚಾರಿಸಿದಿರಿ, ಹೆಸರು ಓದಿ ಅನ್ನಿ. ಓದುವವರೆಗೆ ಕೂರಬೇಡಿ.