ಉಳಿಯ ಮೊನೆ

“ಗುರುಗಳೇ, ಮಕ್ಕಳ ಓದಿಗೆಂದು ಸರ್ಕಾರ ಕೊಟ್ಟ ಅನುದಾನದಿಂದ ಹೊನ್ನವ್ವನ ಸಂಬಳಕ್ಕೆ ಪಾಲು ತೆಗೆಯುವುದು ತಪ್ಪಲ್ಲವೇ? ಅವಳು ಪಾಠ ಹೇಳುವವಳಲ್ಲ,” ಎಂದು ಶಿಷ್ಯ ಕೇಳಿದ.

ಹೊನ್ನವ್ವ ಮಠದ ಕಸ ಗುಡಿಸಿ ನೀರು ತುಂಬುವವಳು. ಮಠದಲ್ಲಿ ಶಾಲೆ ತೆರೆದ ಮೇಲೆ ಶಾಲೆಯ ಕೆಲಸವೂ ಅವಳ ಮೇಲೆಯೇ ಬಿತ್ತು. ಸಂಬಳ ಮಾತ್ರ ಭಕ್ತರ ಕಾಣಿಕೆಯಿಂದ ಬರುವ ಹಳೆಯ ಸಂಬಳವೇ. ಸಾಲುತ್ತಿಲ್ಲ, ಮಗಳ ಊರಿಗೆ ಹೋಗುತ್ತೇನೆ ಎಂದು ಅವಳು ಹೇಳಿದ್ದಳು. ಅನುದಾನವನ್ನು ನೋಡಿಕೊಳ್ಳುವವನು ಶಿಷ್ಯ. ಅದರಲ್ಲಿ ಒಂದು ಕಾಸೂ ಪಾಠದ ಆಚೆಗೆ ಹೋಗಿಲ್ಲವೆಂಬುದು ಅವನ ಸಮಾಧಾನವಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗ ಎಂದಿನಂತೆ ಬೆಳಗ್ಗೆ ಮೊಂಡಾದ ಉಳಿಗಳನ್ನು ಹೊತ್ತು ಕುಲುಮೆಗೆ ಹೋದ. ಕುಲುಮೆ ತಣ್ಣಗಿತ್ತು. ಕಮ್ಮಾರ ಗಾಳಿ ಊದುವ ತಿದಿಯನ್ನು ಕಳಚಿ ಗಾಡಿಗೆ ಕಟ್ಟುತ್ತಿದ್ದ.

ಕಲ್ಲುಕುಟಿಗ ಬೀಸುಕಲ್ಲು ಮಾಡಿ ಮಾರುವವನು. ಅವನ ಉಳಿಗಳಿಗೆ ಮೊನೆ ಮಾಡಿಕೊಡುವ ಕಮ್ಮಾರನಿಗೆ ಸುಗ್ಗಿಯಲ್ಲಿ ಜೋಳ ಅಳೆಯುವುದು ರೂಢಿ. ಆ ವರ್ಷ ಬಂಡೆಯಲ್ಲಿ ಬಾವಿ ತೋಡಲು ರಾಜ ಕಲ್ಲುಕುಟಿಗನಿಗೆ ಹಣ ಕೊಟ್ಟಿದ್ದ. ಬಂಡೆ ಉಳಿಗಳನ್ನು ತಿಂದಿತು. ಕುಲುಮೆಗೆ ಬರುವ ಉಳಿ ಹೆಚ್ಚಿತು, ಜೋಳ ಹೆಚ್ಚಲಿಲ್ಲ. ರಾಜನ ಹಣ ಬಾವಿಗೆ ಮೀಸಲು, ಕುಲುಮೆಗೆ ಅದರಲ್ಲಿ ಏನೂ ಇಲ್ಲ ಎಂದು ಕಲ್ಲುಕುಟಿಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಊರು ಬಿಡುವುದೇಕೆ ಎಂದು ಅವನು ಕೇಳಿದ.

“ರಾಜನಿಗೆ ದಾನ ಕೊಡುವಷ್ಟು ದೊಡ್ಡವನಲ್ಲ ಮಾರಾಯ, ನಾನು,” ಎಂದ ಕಮ್ಮಾರ.

ಕಲ್ಲುಕುಟಿಗ ಗಾಡಿಯ ನೊಗ ಹಿಡಿದು ನಿಂತ. ಇನ್ನು ಮೇಲೆ ನಿನ್ನ ಜೋಳವನ್ನೆಲ್ಲ ರಾಜನ ಹಣದಿಂದಲೇ ಅಳೆಯುತ್ತೇನೆ, ಅರಮನೆಗೇನು ಬರವೇ ಎಂದ. ಕಮ್ಮಾರನಿಗೆ ನಗು ಬಂತು.

“ಬೀಸುಕಲ್ಲು ಮಾರಿ ಗಂಟು ಕಟ್ಟುವವನು ನೀನು. ಅದರ ಉಳಿ ಕಾಯಿಸಲು ರಾಜ ಇದ್ದಿಲು ಹೊರಬೇಕೋ?”

ಅಂದಿನಿಂದ ಉಳಿಗಳು ಎರಡು ಬುಟ್ಟಿಗಳಲ್ಲಿ ಬಂದವು. ಬಾವಿಯವು ಒಂದರಲ್ಲಿ, ಬೀಸುಕಲ್ಲಿನವು ಇನ್ನೊಂದರಲ್ಲಿ. ಯಾವ ಬುಟ್ಟಿ ಎಷ್ಟು ತುಂಬಿತೋ ಅಷ್ಟು ಜೋಳ ಆ ಕೆಲಸದ ಹಣದಿಂದ. ಕಲ್ಲುಕುಟಿಗ ಹೆದರುತ್ತಲೇ ಇದನ್ನು ರಾಜನ ಅಧಿಕಾರಿಗೆ ತಿಳಿಸಿದ. ಅಧಿಕಾರಿ ಸಿಟ್ಟಾಗಲಿಲ್ಲ. ಕುಲುಮೆಗೆ ತಕ್ಕ ಪಾಲು ತೆಗೆಯಲು ಹಣ ಕೊಟ್ಟ ಆಜ್ಞೆಯಲ್ಲಿ ಮೊದಲಿನಿಂದಲೂ ಎಡೆಯಿತ್ತು, ನೀನೇ ಕೇಳಲಿಲ್ಲ ಎಂದ.

ಬಾವಿಯಲ್ಲಿ ನೀರು ಕಂಡ ದಿನ ಕಲ್ಲುಕುಟಿಗ ಮೊದಲ ಕೊಡವನ್ನು ಕುಲುಮೆಗೆ ಹೊತ್ತು ತಂದ.

“ನಿನ್ನ ಕೈ ತಾಗದ ಕಲ್ಲು ಅಲ್ಲಿ ಒಂದೂ ಇಲ್ಲ, ಅಣ್ಣಾ,” ಎಂದ.

ಕಮ್ಮಾರ ಕೊಡಕ್ಕೆ ಕೈಯೊಡ್ಡಿದ. ಒಂದು ಬೊಗಸೆ ಕುಡಿದ. ಮಿಕ್ಕದ್ದನ್ನು ಕಾದ ಕಬ್ಬಿಣ ಅದ್ದುವ ಬಾನಿಗೆ ಸುರಿದು, ಮತ್ತೆ ತಿದಿ ಒತ್ತತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಅನುದಾನದ ಆದೇಶವನ್ನು ತಾನು ಕೊನೆಯವರೆಗೆ ಓದಿಯೇ ಇಲ್ಲವೆಂಬುದು ಶಿಷ್ಯನಿಗೆ ನೆನಪಾಯಿತು. ಹೊನ್ನವ್ವ ಹೊರಟುಬಿಟ್ಟಳೇನೋ ಎಂದು ಬಾಗಿಲ ಕಡೆ ನೋಡಿದ.

“ಅವಳು ಇನ್ನೂ ಹೋಗಿಲ್ಲ,” ಎಂದರು ಗುರುಗಳು.