ಕಾರ್ಡಿನಲ್ಲಿ ಸೋತ ಚದುರಂಗ

ಒಂದೊಂದು ನಡೆಯನ್ನೂ ಅಂಚೆ ಕಾರ್ಡಿನಲ್ಲಿ ಬರೆಸಿ ಕಳಿಸುತ್ತ ಚದುರಂಗ ಆಡಿ, ವಕೀಲ ಚಿಂತಾಮಣಿರಾಯರು ಕುಮಟೆಯ ಔಷಧಿ ಅಂಗಡಿಯವರೊಬ್ಬರಿಗೆ ಸೋತುಬಿಟ್ಟರು. ಕ್ಲಬ್ಬಿನಲ್ಲಿ ಮುಖ ತೋರಿಸುವಂತಿರಲಿಲ್ಲ. ಕಾರ್ಡು ಬರೆದುಕೊಡುತ್ತಿದ್ದ ಗುಮಾಸ್ತನನ್ನು ಕರೆದು ಗುಡುಗಿದರು:

“ಆಟ ಎಲ್ಲಿ ಕೆಟ್ಟಿತು, ಹೇಳು. ನನ್ನ ನಡೆ ತಪ್ಪು ಅಂದೆಯೋ, ನಾಳೆಯಿಂದ ಬರಬೇಡ!”

ಗುಮಾಸ್ತ ಕಾಯಿ ಜೋಡಿಸಿ, ಮೊದಲಿಂದ ಕೊನೆಯವರೆಗೆ ಆಡಿ ನೋಡಿದ. ಗಂಟಲು ಸರಿಮಾಡಿಕೊಂಡ.

“ಸ್ವಾಮಿ, ನಡೆಯೆಲ್ಲ ಸರಿಯಾಗೇ ಇದೆ. ಕೆಟ್ಟಿದ್ದು ಮೊದಲ ಕಾರ್ಡಿನಲ್ಲೇ.”

“ಅದರಲ್ಲೇನಿತ್ತು? ಪದಾತಿ ಎರಡು ಮನೆ ಮುಂದೆ. ಲೋಕವೆಲ್ಲ ಹಾಗೇ ಶುರುಮಾಡೋದು!”

“ಪದಾತಿ ಪಾಪ, ಸುಮ್ಮನೆ ಹೋಗಿ ನಿಂತಿತು. ಅದರ ಕೆಳಗೆ ‘ಈಗ ನನ್ನ ಮಂತ್ರಿಗೆ ದಾರಿಯಾಯಿತು, ಆ ಕಡೆಯಿಂದಲೇ ನುಗ್ಗುತ್ತೇನೆ, ನೋಡಿ ಕಲಿತುಕೊಳ್ಳಿ’ ಅಂತ ಬರೆಸಿದಿರಿ. ಆಮೇಲೆ ಪ್ರತಿ ಕಾರ್ಡಿನಲ್ಲೂ ಒಂದೊಂದು ಪಾಠ. ಅವರು ಕಲಿತುಬಿಟ್ಟರು.”

ರಾಯರ ಮುಖ ಕೆಂಪಾಯಿತು. ಗುಮಾಸ್ತ ತಡಮಾಡಲಿಲ್ಲ.

“ಶಿಷ್ಯ ಗೆದ್ದರೆ ಕೀರ್ತಿ ಗುರುವಿಗೆ ತಾನೆ, ಸ್ವಾಮಿ?”

ರಾಯರ ಮೀಸೆ ಮೆಲ್ಲಗೆ ಮೇಲೆದ್ದಿತು.

“ಹಾಗಾದರೆ ಇನ್ನೊಂದು ಆಟ! ಬರೆದುಕೋ: ಅದೇ ಪದಾತಿ, ಎರಡು ಮನೆ ಮುಂದೆ. ಇದರ ಉದ್ದೇಶ ಏನೆಂದರೆ...”

ಗುಮಾಸ್ತ ಕಾರ್ಡು ಎತ್ತಿ ತೋರಿಸಿದ. ಒಂದೊಂದು ಅಕ್ಷರವೂ ನೆಲ್ಲಿಕಾಯಿ ಗಾತ್ರ.

“ಕಾರ್ಡು ತುಂಬಿಹೋಯಿತು, ಸ್ವಾಮಿ.”