ಘಾಟಿಯಲ್ಲಿ ಬಿದ್ದ ಮುಳ್ಳು

“ಅಜ್ಜಾ, ಒಬ್ಬನು ನನ್ನಲ್ಲಿ ತಪ್ಪಿದೆ ಎನ್ನುತ್ತಾನೆ. ನಾನು ಎಷ್ಟು ಹುಡುಕಿಕೊಂಡರೂ ಆ ತಪ್ಪು ನನಗೆ ಸಿಗುವುದಿಲ್ಲ. ಅದು ನನ್ನಲ್ಲಿದೆಯೋ, ಅವನು ನೋಡುವ ರೀತಿಯಲ್ಲಿದೆಯೋ? ತಿಳಿಯುವುದು ಹೇಗೆ?”

ಕೇಳಿದವನು ಚೆನ್ನವೀರ. ಮಠದ ಪಾಠಶಾಲೆಯನ್ನು ನೋಡಿಕೊಳ್ಳುವವನು. ತಪ್ಪಿದೆ ಎಂದವನು ಗುರುಪಾದ, ದಾಸೋಹದ ಹೊಣೆ ಹೊತ್ತವನು. ಇಬ್ಬರೂ ಒಂದೇ ವರ್ಷ ಮಠಕ್ಕೆ ಬಂದಿದ್ದರು. ಚೆನ್ನವೀರನ ಮಾತು ಈಚೆಗೆ ಬಿರುಸಾಗಿದೆ, ಮಕ್ಕಳು ಅವನೆದುರು ಬಾಯಿ ಬಿಡಲು ಹೆದರುತ್ತಾರೆ ಎಂದು ಗುರುಪಾದ ನಾಲ್ಕು ಜನರ ಮುಂದೆ ಹೇಳಿದ್ದ.

ಅಜ್ಜನವರು ಮಠದ ಹಿರಿಯ ಸ್ವಾಮಿಗಳು. ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲಿ ಜಾಗ ತೋರಿಸಿದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ಮೌಲಾಸಾಬ ಎಂಬ ಮೀಟರ್ ರಿಪೇರಿಯವನಿದ್ದ. ಗಾಡಿಗಳ ಮೀಟರ್ ಬಿಟ್ಟು ಬೇರೆ ಕೆಲಸವನ್ನು ಅವನು ಮುಟ್ಟುತ್ತಿರಲಿಲ್ಲ. ವೇಗ ತೋರಿಸುವುದಾಗಲಿ, ಪೆಟ್ರೋಲ್ ತೋರಿಸುವುದಾಗಲಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರಾಗಲಿ, ಅವನ ಕೈಗೆ ಬಂದರೆ ಸರಿಯಾಗಿಯೇ ಹೋಗುತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಕೊಟ್ಟ ಒಂದು ಮೀಟರೂ ತಿರುಗಿ ಬಂದಿರಲಿಲ್ಲ. ಇದನ್ನು ಅವನು ಜಂಬದಿಂದ ಹೇಳುತ್ತಿರಲಿಲ್ಲ. ಇವತ್ತು ಯಾವ ವಾರ ಎಂದು ಕೇಳಿದರೆ ಹೇಳುವ ಹಾಗೆ ಹೇಳುತ್ತಿದ್ದ.

ಒಂದು ದಿನ ಆ ಊರಿನ ಡಾಕ್ಟರಮ್ಮ ತಮ್ಮ ಕಾರನ್ನು ತಂದು ಅವನ ಅಂಗಡಿ ಮುಂದೆ ನಿಲ್ಲಿಸಿದರು. ಅವರ ಹೆಸರು ಅಂಬುಜಾಕ್ಷಿ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಆದರೂ ವಾರಕ್ಕೊಂದು ಸಲ ಘಾಟಿ ಹತ್ತಿ ಮೇಲಿನ ಹಳ್ಳಿಗಳ ಬಸುರಿಯರನ್ನು ನೋಡಿ ಬರುತ್ತಿದ್ದರು. ಕಾರಿಗೆ ಮೂವತ್ತು ವರ್ಷವಾಗಿತ್ತು.

“ಈ ಆರ್‌ಪಿಎಂ ಮುಳ್ಳು ನಡುಗುತ್ತದೆ, ಮೌಲಾಸಾಬರೇ. ನನಗೆ ಈಗ ಕಿವಿ ಮಂದ. ಎಂಜಿನ್ನಿನ ಸದ್ದು ಕೇಳಿಸುವುದಿಲ್ಲ. ಮುಳ್ಳು ನೋಡಿಯೇ ಗೇರು ಹಾಕುವುದು. ಇದೂ ಕೈಕೊಟ್ಟರೆ ನನ್ನ ಘಾಟಿ ಮುಗಿಯಿತು,” ಎಂದರು.

ಮೌಲಾಸಾಬ ಮೀಟರನ್ನು ಕಳಚಿದ. ಗಾಜು ಬಿಚ್ಚಿ ಒಳಗೆ ನೋಡಿದ. ಒಂದು ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೊಸದಾಗಿ ಬೆಸೆದ. ತನ್ನ ಮೇಜಿನ ಮೇಲಿದ್ದ ಪರೀಕ್ಷೆಯ ಪೆಟ್ಟಿಗೆಗೆ ಜೋಡಿಸಿದ. ಸಾವಿರಕ್ಕೆ ತಿರುಗಿಸಿದರೆ ಮುಳ್ಳು ಸಾವಿರದಲ್ಲಿ ನಿಂತಿತು, ಮೂರು ಸಾವಿರಕ್ಕೆ ತಿರುಗಿಸಿದರೆ ಮೂರು ಸಾವಿರದಲ್ಲಿ. ಮತ್ತೆ ಕಾರಿಗೆ ಕೂರಿಸಿ ಕೊಟ್ಟ. ಡಾಕ್ಟರಮ್ಮ ಖುಷಿಯಿಂದ ಹೋದರು.

ಮುಂದಿನ ವಾರ ಮತ್ತೆ ಬಂದರು.

“ಈಗ ನಡುಗುವುದಿಲ್ಲ. ಆದರೆ ಘಾಟಿಯ ಏರಿನಲ್ಲಿ ಒಮ್ಮೊಮ್ಮೆ ಸೊನ್ನೆಗೆ ಬಿದ್ದುಬಿಡುತ್ತದೆ. ಮತ್ತೆ ತಾನೇ ಏಳುತ್ತದೆ.”

ಮೌಲಾಸಾಬನಿಗೆ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಕುಳಿತಿದ್ದರು. ಅವನು ಮೀಟರನ್ನು ಮತ್ತೆ ಬಿಚ್ಚಿ ಒಂದೊಂದೇ ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡಿದ. ಬೆಳಗಿನಿಂದ ಮಧ್ಯಾಹ್ನದ ನಮಾಜಿನವರೆಗೆ ಪೆಟ್ಟಿಗೆಯ ಮೇಲೆ ಓಡಿಸಿದ. ಮುಳ್ಳು ಒಂದು ಸಲವೂ ಬೀಳಲಿಲ್ಲ.

“ಅಮ್ಮಾ, ಮೀಟರ್ ಸುಳ್ಳು ಹೇಳುತ್ತಿಲ್ಲ. ಎಂಜಿನ್ನೇ ಎಲ್ಲೋ ಕೆಟ್ಟಿದೆ. ಈರಣ್ಣಾಚಾರಿಗೆ ತೋರಿಸಿ,” ಎಂದ.

ಈರಣ್ಣಾಚಾರಿ ಎಂಜಿನ್ ಮೇಸ್ತ್ರಿ. ಅವನ ಶೆಡ್ಡು ಬಸ್ ನಿಲ್ದಾಣದ ಆಚೆ ಬದಿಗಿತ್ತು. ಇಬ್ಬರಿಗೂ ಜಗಳವಿರಲಿಲ್ಲ. ಎದುರಾದರೆ ನಮಸ್ಕಾರ, ಸಲಾಮು ಇದ್ದೇ ಇತ್ತು. ಆದರೆ ಒಬ್ಬನ ಅಂಗಡಿಗೆ ಇನ್ನೊಬ್ಬ ಕಾಲಿಟ್ಟಿರಲಿಲ್ಲ. ಇವನ ಕೆಲಸ ಡ್ಯಾಶ್‌ಬೋರ್ಡಿನ ಈಚೆಗೆ, ಅವನ ಕೆಲಸ ಬಾನೆಟ್ಟಿನ ಕೆಳಗೆ.

ಈರಣ್ಣಾಚಾರಿ ತನ್ನ ಪದ್ಧತಿಯಂತೆ ಮೊದಲು ಎಂಜಿನ್ನಿಗೆ ಬೇಡದ ತಂತಿಗಳನ್ನೆಲ್ಲ ಕಳಚಿದ. ಅದರಲ್ಲಿ ಮೀಟರಿಗೆ ಹೋಗುವ ತಂತಿಯೂ ಸೇರಿತ್ತು. ಆಮೇಲೆ ತಾನೇ ಕಾರನ್ನು ಘಾಟಿ ಹತ್ತಿಸಿದ. ಕಾರು ಒಂದು ಕಡೆಯೂ ತಡವರಿಸಲಿಲ್ಲ. ವಾಪಸು ಬಂದು ಹೇಳಿದ, “ಎಂಜಿನ್ ಗಟ್ಟಿಮುಟ್ಟಾಗಿದೆ, ಡಾಕ್ಟರಮ್ಮಾ. ಮೀಟರಿನ ತಂತಿ ತೆಗೆದೆ, ಗಾಡಿ ಹೂವಿನ ಹಾಗೆ ಹೋಯಿತು. ಇನ್ನೇನು ಸಾಕ್ಷಿ ಬೇಕು? ಆ ಮೀಟರನ್ನು ಕಿತ್ತು ಹಾಕಿಸಿ.”

ಡಾಕ್ಟರಮ್ಮ ಈ ಮಾತನ್ನು ತಂದು ಮೌಲಾಸಾಬನಿಗೆ ಹೇಳಿದರು. ಅವನು ಮತ್ತೆ ಪೆಟ್ಟಿಗೆಗೆ ಜೋಡಿಸಿ ಅವರ ಎದುರೇ ತೋರಿಸಿದ. ಮುಳ್ಳು ಅಲ್ಲಾಡದೆ ನಿಂತಿತು. “ನೋಡಿ, ಇದಕ್ಕಿಂತ ಏನು ಸಾಕ್ಷಿ ಬೇಕು?” ಎಂದ. ಇದನ್ನು ಅವರು ಹೋಗಿ ಈರಣ್ಣಾಚಾರಿಗೆ ಹೇಳಿದರು. ಅವನು ನಕ್ಕ. ಆ ನಗುವಿನ ಸುದ್ದಿಯೂ ಮೌಲಾಸಾಬನಿಗೆ ತಲುಪಿತು.

ಮೌಲಾಸಾಬ ಹೊರಗೆ ಧೈರ್ಯವಾಗಿಯೇ ಇದ್ದ. ತನ್ನ ಮೀಟರ್ ಸರಿ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಒಂದು ಮಾತು ಒಳಗೆ ಚುಚ್ಚುತ್ತಿತ್ತು. ಮೀಟರ್ ಸರಿಯಿದ್ದರೆ, ಅದರ ತಂತಿ ಕಳಚಿದಾಗ ಗಾಡಿ ಯಾಕೆ ಸರಿಹೋಯಿತು? ಕೇಳಬೇಕಾದವನು ಬಸ್ ನಿಲ್ದಾಣದ ಆಚೆಗಿದ್ದ. ಮೌಲಾಸಾಬ ಕೇಳಲು ಹೋಗಲಿಲ್ಲ.

ಮೂರನೆಯ ವಾರ ಡಾಕ್ಟರಮ್ಮ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ಅವರ ಕಾರಿನ ಹಿಂದಿನ ಸೀಟಿನಲ್ಲಿ ಈರಣ್ಣಾಚಾರಿ ಕುಳಿತಿದ್ದ. ಅವನ ಮುಖವೂ ಸಪ್ಪಗಿತ್ತು.

“ಹೋದ ವಾರ ತಂತಿ ಕಳಚಿದ್ದರಿಂದ ಮುಳ್ಳಿಲ್ಲದೆ ಘಾಟಿ ಹತ್ತಿದೆ,” ಎಂದರು ಡಾಕ್ಟರಮ್ಮ. “ಗೇರು ಯಾವಾಗ ಇಳಿಸಬೇಕೋ ತಿಳಿಯಲಿಲ್ಲ. ಮೂರನೆಯ ತಿರುವಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರಿತು. ಕಂದಕಕ್ಕೆ ಎರಡು ಮಾರು ಉಳಿದಿತ್ತು. ಇವತ್ತು ಮೇಲೆ ಎಂಟು ತಿಂಗಳ ಬಸುರಿಯೊಬ್ಬಳಿಗೆ ಕಾಲು, ಮುಖ ಊದಿದೆ ಎಂದು ಫೋನ್ ಬಂದಿದೆ. ನಾನು ಹೋಗಲೇಬೇಕು. ತಂತಿಯನ್ನು ಮತ್ತೆ ಹಾಕಿಸಿದ್ದೇನೆ. ನೀವೂ ಹತ್ತಿ.”

“ನಾನು ಯಾಕಮ್ಮಾ? ಮೀಟರ್ ಸರಿಯಾಗಿ...”

“ಅವರೂ ಎಂಜಿನ್ ಸರಿಯಾಗಿದೆ ಎಂದೇ ಹೇಳಿದರು. ನಿಮ್ಮ ಇಬ್ಬರ ಸರಿಯನ್ನೂ ಕೂರಿಸಿಕೊಂಡು ಹೋಗುತ್ತೇನೆ. ಹತ್ತಿ.”

ಮೌಲಾಸಾಬ ಮುಂದಿನ ಸೀಟಿನಲ್ಲಿ ಕುಳಿತ. ಘಾಟಿ ಶುರುವಾಯಿತು. ಮೌಲಾಸಾಬನ ಕಣ್ಣು ಮುಳ್ಳಿನ ಮೇಲಿತ್ತು. ಈರಣ್ಣಾಚಾರಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಿದ್ದ.

ಎರಡನೆಯ ತಿರುವಿನ ಏರಿನಲ್ಲಿ ಮುಳ್ಳು ಸೊನ್ನೆಗೆ ಬಿತ್ತು.

“ಬಿತ್ತು!” ಎಂದ ಮೌಲಾಸಾಬ.

“ತಪ್ಪಿತು!” ಎಂದ ಈರಣ್ಣಾಚಾರಿ.

ಎರಡು ಮಾತೂ ಒಂದೇ ಸಲ ಬಂದವು. ಮೌಲಾಸಾಬ ಹಿಂದಕ್ಕೆ ತಿರುಗಿದ. ಈರಣ್ಣಾಚಾರಿ ಕಣ್ಣು ಬಿಟ್ಟಿದ್ದ.

“ಏನು ತಪ್ಪಿತು?”

“ಕಿಡಿ. ಎಂಜಿನ್ನಿಗೆ ಒಂದು ಕ್ಷಣ ಕಿಡಿ ಸಿಗಲಿಲ್ಲ. ನಿನ್ನದೇನು ಬಿತ್ತು?”

“ಮುಳ್ಳು.”

ಸ್ವಲ್ಪ ದೂರದಲ್ಲಿ ಮತ್ತೆ ಹಾಗೆಯೇ ಆಯಿತು. ಈ ಸಲ ಮೌಲಾಸಾಬನಿಗೆ ಸೀಟಿನ ಕೆಳಗೆ ಸಣ್ಣದೊಂದು ಜಗ್ಗು ತಿಳಿಯಿತು. ಅವನ ತಲೆ ಚುರುಕಾಗಿ ಓಡಿತು. ಮೀಟರ್ ಒಂದೇ ಕೆಟ್ಟಿದ್ದರೆ ಮುಳ್ಳು ಬೀಳಬೇಕು, ಗಾಡಿ ಜಗ್ಗಬಾರದು. ಎಂಜಿನ್ ಒಂದೇ ಕೆಟ್ಟಿದ್ದರೆ ಗಾಡಿ ಜಗ್ಗಬೇಕು, ಆದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುವಾಗ ಮುಳ್ಳು ಒಮ್ಮೆಗೇ ಸೊನ್ನೆಗೆ ಬೀಳಬಾರದು. ಎರಡೂ ಒಂದೇ ಗಳಿಗೆಯಲ್ಲಿ ಆಗುತ್ತಿವೆ ಎಂದರೆ ತಪ್ಪು ಎರಡನ್ನೂ ಸೇರಿಸುವ ಕಡೆಯಿದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ತಿರುವು ಬಂತು. ಎಂಜಿನ್ ನಿಂತೇಹೋಯಿತು. ಡಾಕ್ಟರಮ್ಮ ಹ್ಯಾಂಡ್‌ಬ್ರೇಕ್ ಎಳೆದರು. ಈರಣ್ಣಾಚಾರಿ ಇಳಿದು ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಡಾಕ್ಟರಮ್ಮನ ಕೈ ಸ್ಟೇರಿಂಗ್ ಬಿಡಲಿಲ್ಲ. “ಆ ಹುಡುಗಿ ಕಾಯುತ್ತಿದ್ದಾಳೆ,” ಎಂದಷ್ಟೇ ಹೇಳಿದರು.

ಬಾನೆಟ್ ತೆರೆದರು. ಮೌಲಾಸಾಬ ಮೂವತ್ತು ವರ್ಷದಲ್ಲಿ ಮೊದಲ ಸಲ ಬಾನೆಟ್ಟಿನ ಕೆಳಗೆ ತಲೆ ಹಾಕಿದ್ದ.

“ಆಚಾರ್ರೇ, ನನ್ನ ಮೀಟರಿಗೆ ಸುತ್ತಿನ ಲೆಕ್ಕ ಎಲ್ಲಿಂದ ಬರುತ್ತದೆ?”

“ಈ ಕಾಯಿಲಿನಿಂದ. ಕಿಡಿ ಹುಟ್ಟುವುದೂ ಇದರಿಂದಲೇ.”

“ಹಾಗಾದರೆ ಈ ತಂತಿ ಎಲ್ಲಾದರೂ ಬಾಡಿಯ ತಗಡಿಗೆ ತಾಗಿದರೆ?”

ಈರಣ್ಣಾಚಾರಿ ಒಂದು ಗಳಿಗೆ ಅವನ ಮುಖ ನೋಡಿದ. “ಕಿಡಿ ಹುಟ್ಟುವುದಿಲ್ಲ,” ಎಂದ. “ನಿನ್ನ ಮೀಟರಿಗೆ ಲೆಕ್ಕವೂ ಸಿಗುವುದಿಲ್ಲ. ನಾನು ಈ ತುದಿಯಲ್ಲಿ ತಂತಿ ಕಳಚಿದಾಗ ಅದು ತಗಡಿಗೆ ತಾಗಿದರೂ ಕಿಡಿಗೆ ತೊಂದರೆಯಾಗಲಿಲ್ಲ, ಅದಕ್ಕೇ ಗಾಡಿ ಓಡಿತು.” ಅವನಿಗೂ ಅರ್ಥವಾಗಿತ್ತು.

ಮೌಲಾಸಾಬ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಮೀಟರಿನ ಬೆನ್ನಿನಿಂದ ತಂತಿಯನ್ನು ಹಿಡಿದು ಸವರುತ್ತಾ ಬಂದ. ಈರಣ್ಣಾಚಾರಿ ಕಾಯಿಲಿನಿಂದ ಶುರುಮಾಡಿ ಅದೇ ತಂತಿಯನ್ನು ಸವರುತ್ತಾ ಬಂದ. ಇಬ್ಬರಿಗೂ ನಡುವೆ ಒಂದು ತಗಡಿನ ಗೋಡೆಯಿತ್ತು. ಅದರಲ್ಲಿ ಹೆಬ್ಬೆರಳಷ್ಟು ಒಂದು ತೂತು. ಅಲ್ಲಿ ಇಬ್ಬರ ಬೆರಳೂ ಒಂದಕ್ಕೊಂದು ತಾಗಿದವು.

“ಕೀ ತಿರುಗಿಸಿ ಇಡಿ, ಅಮ್ಮಾ. ಆಚಾರ್ರೇ, ಎಂಜಿನ್ನನ್ನು ಒಂದು ಸಲ ಅಲ್ಲಾಡಿಸಿ.”

ಈರಣ್ಣಾಚಾರಿ ಎರಡೂ ಕೈಯಿಂದ ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ನೂಕಿದ. ತೂತಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಿಡಿ ಹಾರಿತು.

ಆ ತೂತಿಗೆ ಹಿಂದೆ ಒಂದು ರಬ್ಬರ್ ಬಳೆಯಿತ್ತು. ಮೂವತ್ತು ವರ್ಷದ ಕಾವಿಗೆ ಅದು ಪುಡಿಯಾಗಿ ಉದುರಿಹೋಗಿತ್ತು. ಏರಿನಲ್ಲಿ ಎಂಜಿನ್ ಜಗ್ಗಿ ವಾಲಿದಾಗಲೆಲ್ಲ ತಂತಿ ತಗಡಿನ ಅಂಚಿಗೆ ಉಜ್ಜಿ, ಒಳಗಿನ ತಾಮ್ರ ಹೊರಗೆ ಕಂಡಿತ್ತು. ಮೌಲಾಸಾಬನ ಕೈ ಪ್ರತಿ ಸಲವೂ ಅದರಿಂದ ಒಂದು ಗೇಣು ಈಚೆಗೆ ನಿಂತಿತ್ತು. ಈರಣ್ಣಾಚಾರಿಯ ಕೈ ಒಂದು ಗೇಣು ಆಚೆಗೆ.

ಮೌಲಾಸಾಬ ತಂತಿಗೆ ಟೇಪು ಸುತ್ತಿದ. ತನ್ನ ಹವಾಯಿ ಚಪ್ಪಲಿಯ ಅಂಚನ್ನು ಕತ್ತರಿಸಿ ಬಳೆಯಾಗಿ ಕೊರೆದು ತೂತಿಗೆ ಕೂರಿಸಿದ. ಈರಣ್ಣಾಚಾರಿ ಆಚೆಯಿಂದ ಹಿಡಿದು ಎಳೆದ. ಕೀ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು. ಮುಳ್ಳು ಎದ್ದು ಎಂಟುನೂರರಲ್ಲಿ ನಿಂತಿತು. ಉಳಿದ ಹನ್ನೊಂದು ತಿರುವುಗಳಲ್ಲಿ ಅದು ಒಮ್ಮೆಯೂ ಬೀಳಲಿಲ್ಲ.

ಮೇಲಿನ ಹಳ್ಳಿಯಲ್ಲಿ ಡಾಕ್ಟರಮ್ಮ ಆ ಹುಡುಗಿಯ ರಕ್ತದೊತ್ತಡ ನೋಡಿದರು. ಅದು ವಿಪರೀತ ಏರಿತ್ತು, ಎರಡನೆಯ ಸಲ ನೋಡಲಿಲ್ಲ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ, ಅವಳ ಗಂಡನನ್ನು ಮುಂದೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೊರಟರು. ಮೇಸ್ತ್ರಿಗಳಿಗೆ ಜಾಗವಿರಲಿಲ್ಲ. ಅವರಿಬ್ಬರೂ ಕೇಳಲೂ ಇಲ್ಲ.

ಇಬ್ಬರೂ ನಡೆದೇ ಘಾಟಿ ಇಳಿದರು. ಕೆಳಗಿನ ತಿರುವುಗಳಲ್ಲಿ ಕಾರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಪ್ರತಿ ತಿರುವಿಗೂ ಈರಣ್ಣಾಚಾರಿ ನಿಂತು ಕಿವಿಗೊಟ್ಟ. “ಸರಿಯಾದ ಹೊತ್ತಿಗೆ ಗೇರು ಇಳಿಸಿದರು,” ಎಂದ. ಮೌಲಾಸಾಬ, “ಮುಳ್ಳು ನೋಡಿದರು,” ಎಂದ. ಒಂದು ಚಪ್ಪಲಿಯ ಅಂಚು ಹೋಗಿದ್ದರಿಂದ ಅವನು ಸ್ವಲ್ಪ ಕುಂಟುತ್ತಿದ್ದ. ಆದರೆ ಅಷ್ಟು ಹಗುರವಾಗಿ ಅವನು ಬಹಳ ವರ್ಷದಿಂದ ನಡೆದಿರಲಿಲ್ಲ. ಒಂದು ಮೀಟರೂ ತಿರುಗಿ ಬಂದಿಲ್ಲ ಎಂಬ ತನ್ನ ಮೂವತ್ತು ವರ್ಷದ ಮಾತನ್ನು ಅವನು ಆ ದಿನದಿಂದ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ದೊಡ್ಡಾಸ್ಪತ್ರೆಯಿಂದ ಸುದ್ದಿ ಬಂತು. ತಾಯಿ ಉಳಿದಿದ್ದಳು. ಮಗು ಚಿಕ್ಕದಾಗಿತ್ತು, ಆದರೆ ಜೋರಾಗಿ ಅಳುತ್ತಿತ್ತು.

ಅಜ್ಜನವರು ಕತೆ ನಿಲ್ಲಿಸಿದರು.

ಚೆನ್ನವೀರನ ಮುಖ ತಿಳಿಯಾಗಿತ್ತು. ಅವನಿಗೆ ಆ ಇಬ್ಬರ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು.

“ಎಂಥ ಮೊಂಡರು, ಅಜ್ಜಾ! ಇಬ್ಬರೂ ಡಾಕ್ಟರಮ್ಮನ ಬಳಿ ಹೇಳಿದ್ದೇ ಹೇಳಿದ್ದು. ಬಸ್ ನಿಲ್ದಾಣ ದಾಟಿ ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು.”

ಅಜ್ಜನವರು ಅವನ ಕಡೆ ತಿರುಗಿದರು.

“ಈ ಪ್ರಶ್ನೆಯನ್ನು ನನ್ನ ಹತ್ತಿರ ತರುವ ಮೊದಲು ಗುರುಪಾದನ ಹತ್ತಿರ ಒಯ್ದಿದ್ದೆಯಾ?”

ಚೆನ್ನವೀರ ಕಟ್ಟೆಯಿಂದ ಎದ್ದು ದಾಸೋಹದ ಮನೆಯ ಕಡೆ ನಡೆದ.